ಬಾಗಿಲಲ್ಲಿ ನಿಂತವನಿಗೆ ಒಂದು ಮಾತು

ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ‘ಸಾಯ್ಲಿ’ ಅನ್ನುವ ಬಾಯಿ ನನ್ನದು. ಬಸ್ಸು ತಡವಾದರೆ ಸಾಯ್ಲಿ, ಎ.ಸಿ. ತೊಟ್ಟಿಕ್ಕಿದರೆ ಸಾಯ್ಲಿ, ಹಾಲು ಉಕ್ಕಿದರೆ ಎಂಥ ಸಾವು ಮಾರಾಯ್ತಿ ಇದು! ನನ್ನ ಅಮ್ಮನದೂ ಇದೇ ಬಾಯಿ, ಅಜ್ಜಿಯದೂ ಇದೇ. ಆದರೆ ನಿಜವಾಗಿ ಯಾರಾದರೂ ಹೋದರು ಅನ್ನಿ, ಆಗ ಆ ಪದ ನಾಲಿಗೆಗೆ ಬರುವುದೇ ಇಲ್ಲ. ತೀರಿಕೊಂಡರು, ಹೋಗಿಬಿಟ್ಟರು, ದೇವರ ಪಾದ ಸೇರಿದರು. ಗಲ್ಫಿನಲ್ಲಿರುವ ನಮ್ಮವರಿಗೆ ಇನ್ನೊಂದು ಪದವುಂಟು: ಸೀರಿಯಸ್. ‘ಅಪ್ಪ ಸ್ವಲ್ಪ ಸೀರಿಯಸ್, ಹೊರಟು ಬಾ’ ಎಂದು ಊರಿನಿಂದ ಫೋನ್ ಬಂದರೆ ಇಲ್ಲಿ ಯಾರೂ ಯಾವ ಆಸ್ಪತ್ರೆ ಎಂದು ಕೇಳುವುದಿಲ್ಲ. ಸುಮ್ಮನೆ ಬಟ್ಟೆ ತುಂಬುತ್ತಾರೆ. ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ.

ಈ ನನ್ನ ಬಾಯಿಗೆ ಮೊದಲ ಸಲ ಕೈ ಅಡ್ಡ ಹಿಡಿದವಳು ಚಿ.

ಕುವೈತಿನ ಸಲ್ವಾದ ಒಂದು ಲೇಡೀಸ್ ಪಾರ್ಲರಿನಲ್ಲಿ ನನ್ನದು ಕೌಂಟರ್ ಕೆಲಸ, ಅವಳದು ಉಗುರಿನ ಕೆಲಸ. ವಿಯೆಟ್ನಾಮಿನ ನದಿ ದಂಡೆಯ ಒಂದು ಹಳ್ಳಿಯವಳು, ನನಗಿಂತ ಸ್ವಲ್ಪ ದೊಡ್ಡವಳು. ಅವರ ಭಾಷೆಯಲ್ಲಿ ಅಕ್ಕನಿಗೆ ‘ಚಿ’, ತಂಗಿಗೆ ‘ಎಮ್’. ನಮ್ಮ ಹಾಗೆಯೇ ಅವರಿಗೂ ದೊಡ್ಡವರನ್ನು ಬರೀ ಹೆಸರು ಹಿಡಿದು ಕರೆಯುವುದು ಸೇರದು. ಮೊದಮೊದಲು ಅವಳನ್ನು ಕರೆದಾಗಲೆಲ್ಲ ಛೀ ಎಂದು ಉಗಿದ ಹಾಗಾಗಿ ನನಗೇ ನಗು ಬರುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ನಾವಿಬ್ಬರೂ ಮಾತಾಡುತ್ತಿದ್ದುದು ಇಂಗ್ಲಿಷಿಗೆ ಅರಬಿ, ಹಿಂದಿ ಕಲಸಿದ ಒಂದು ಚಿತ್ರಾನ್ನ. ಅದನ್ನು ನನ್ನ ಊರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಇನ್ನೇನು ಮಾಡಲಿ.

ಒಂದು ದಿನ ಕಾರ್ಡ್ ಮೆಷಿನ್ ಕೈಕೊಟ್ಟಿತು. “ಇದು ಸಾಯ್ಲಿ!” ಎಂದು ಅದಕ್ಕೆ ಒಂದು ಬಾರಿಸಿದೆ. ಹಾಗೆಂದರೆ ಎಂಥ ಎಂದು ಚಿ ಕೇಳಿದಳು. ಅರ್ಥ ಹೇಳಿದೆ. ಅವಳು ಎದ್ದು ಬಂದು, ಅಸಿಟೋನ್ ವಾಸನೆಯ ಬೆರಳನ್ನು ನನ್ನ ತುಟಿಯ ಮೇಲಿಟ್ಟು, ಬಾಗಿಲಿನ ಕಡೆ ನೋಡಿದಳು. “ಆ ಪದ ಹಾಗೆ ಬಿಡಬಾರದು ಎಮ್. ಅದು ಹೆಸರು ಹಿಡಿದು ಕರೆದ ಹಾಗೆ. ಕರೆದರೆ ತಿರುಗಿ ನೋಡ್ತದೆ.”

“ಮತ್ತೆ ನಿಮ್ಮಲ್ಲಿ ಯಾರೂ ಸಾಯುವುದೇ ಇಲ್ವಾ?”

“ಹೋಗ್ತಾರೆ. ಆದರೆ ಒಬ್ಬೊಬ್ಬರು ಒಂದೊಂದು ಹಾಗೆ ಹೋಗ್ತಾರೆ.”

ಆ ಮೇಲೆ ಗಿರಾಕಿಗಳು ಕಡಿಮೆಯಿರುವ ಮಧ್ಯಾಹ್ನಗಳಲ್ಲಿ, ನನ್ನ ಉಗುರನ್ನು ಸುಮ್ಮನೆ ಉಜ್ಜುತ್ತ, ಅವಳು ಹೇಳುತ್ತಿದ್ದಳು. ಅವಳ ಅಪ್ಪ ‘ಬೆಟ್ಟದ ಮರೆಗೆ ಸರಿದ’ವನು. ಊರಿನ ಹಿರಿಯ ಮೇಷ್ಟ್ರು ‘ಕೊಕ್ಕರೆ ಹತ್ತಿ ಹೋದರು’. ಕುಡಿದು ಹೊಳೆಗೆ ಬಿದ್ದ ಚಿಕ್ಕಪ್ಪ ಮಾತ್ರ ‘ಉಪ್ಪು ಮಾರಲು ಹೋದ’, ಅದನ್ನು ನಗುತ್ತಲೇ ಹೇಳಬೇಕಂತೆ. ಎಲ್ಲರೂ ಕೊನೆಗೆ ಸೇರುವುದು ‘ಒಂಬತ್ತು ಒರತೆ’ಗಳ ಹತ್ತಿರ, ನೆಲದ ಕೆಳಗೆ. ಅದನ್ನು ಹೇಳುವಾಗ ಅವಳು ದನಿ ತಗ್ಗಿಸುತ್ತಿದ್ದಳು. ಕೆಳಗೆ ಯಾರೋ ಮಲಗಿದ್ದಾರೆ, ಎಚ್ಚರವಾದೀತು ಎನ್ನುವ ಹಾಗೆ ಟೈಲ್ಸ್ ನೆಲ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ಆ ಹೊತ್ತಿನಲ್ಲಿ ಯಾರಾದರೂ ಮದಾಮ್ ಬಾಗಿಲು ತಳ್ಳಿಕೊಂಡು ಬಂದರೆ ನಾವಿಬ್ಬರೂ ಬೆಚ್ಚುತ್ತಿದ್ದೆವು.

ಒಮ್ಮೆ ಚಿಯ ಸುದ್ದಿ ಆಡುತ್ತಿರುವಾಗಲೇ ಅವಳು ಬಂದಳು. “ನಿಂಗೆ ನೂರು ವರ್ಷ ಆಯುಷ್ಯ!” ಎಂದೆ. ನೂರು ವರ್ಷ ತಮ್ಮಲ್ಲೂ ಹಾರೈಕೆಯೇ ಎಂದಳು. ಆದರೆ ಊರಿನಿಂದ ತನ್ನ ಅಮ್ಮ ವಿಡಿಯೋ ಕಾಲಿನಲ್ಲಿ ‘ನನಗೆ ನೂರು ತುಂಬಿದಾಗ ಆ ಕಂದು ಅಂಗಿ ತೊಡಿಸು’ ಎಂದಾಗಲೆಲ್ಲ ತಾನು ಬೇರೆ ಮಾತು ತೆಗೆಯುತ್ತೇನೆ ಎಂದೂ ಹೇಳಿದಳು. ನೂರು ತುಂಬುವುದೆಂದರೆ ಅವರಲ್ಲಿ ಹೋಗುವುದೂ ಹೌದು, ಅಮ್ಮ ಹೇಳುತ್ತಿರುವುದು ಹೆಣಕ್ಕೆ ತೊಡಿಸುವ ಅಂಗಿಯ ಮಾತು.

ಇದೆಲ್ಲ ನನಗೆ ಕಾಲ ಕಳೆಯುವ ಕತೆಯಾಗಿತ್ತು, ನನ್ನ ಮನೆಗೆ ಆ ಫೋನ್ ಬರುವ ತನಕ.

ನಮ್ಮ ಮನೆ ಫಹಾಹೀಲಿನಲ್ಲಿ, ಮಾರ್ಕೆಟ್ಟಿನ ಹಿಂದಿನ ಹಳೇ ಕಟ್ಟಡದಲ್ಲಿ. ನಾನು, ಇವರು, ಅತ್ತೆ. ಇವರೆಂದರೆ ನನ್ನ ಗಂಡ, ಎಣ್ಣೆ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ. ಅತ್ತೆ ಇವರ ತಾಯಿ. ಇವರಿಗೊಬ್ಬ ಅಣ್ಣ, ನನಗೆ ಭಾವ. ಮುಂಬಯಿಯಲ್ಲಿ ಕ್ಯಾಂಟೀನ್ ನಡೆಸುತ್ತಿದ್ದರು, ಮದುವೆಯಾಗಲಿಲ್ಲ. ಶುಕ್ರವಾರ ಮಧ್ಯಾಹ್ನದ ಊಟದ ರಶ್ಶು ಇಳಿದ ಮೇಲೆ ಅಮ್ಮನಿಗೆ ಫೋನ್ ಮಾಡುತ್ತಿದ್ದರು. ಹಿಂದೆ ಪಾತ್ರೆಗಳ ಸದ್ದು. ಅತ್ತೆ ಕೇಳುತ್ತಿದ್ದುದು ಒಂದೇ: “ಊಟ ಆಯ್ತಾ ಮಗಾ?” ಊರಿಗೆಲ್ಲ ಬಡಿಸುವವನಿಗೆ ಊಟ ಆಯಿತೋ ಇಲ್ಲವೋ ಎಂಬುದೇ ಆ ಮುದುಕಿಯ ಚಿಂತೆ.

ಭಾವ ಸೀರಿಯಸ್ ಎಂದು ಫೋನ್ ಬಂದಾಗ ಇವರು ಕಾರಿಡಾರಿಗೆ ಹೋಗಿ ಮಾತಾಡಿದರು. ಒಳಗೆ ಬಂದಾಗ ಮುಖ ಸುಣ್ಣ ಬಳಿದ ಹಾಗಿತ್ತು. ಅತ್ತೆಗೆ ಆಗಷ್ಟೇ ಹೃದಯಕ್ಕೆ ಸ್ಟೆಂಟ್ ಹಾಕಿಸಿ ಮನೆಗೆ ತಂದಿದ್ದೆವು. ಯಾವ ಆಘಾತವೂ ಆಗಬಾರದು ಎಂದು ಡಾಕ್ಟರು ಒತ್ತಿ ಹೇಳಿದ್ದರು. ಅಡುಗೆಮನೆಯಲ್ಲಿ ಇವರು ನನ್ನ ಮೊಣಕೈ ಹಿಡಿದು, “ಅಮ್ಮನಿಗೆ ಗೊತ್ತಾಗಬಾರದು. ಗೊತ್ತಾದ್ರೆ ಇಬ್ಬರನ್ನೂ ಕಳಕೊಳ್ತೇವೆ. ನನ್ನ ಮೇಲೆ ಆಣೆ” ಎಂದರು. ಕಂಪನಿ ಕೆಲಸ ಎಂದು ಹೇಳಿ ಮುಂಬಯಿಗೆ ಹೊರಟರು. ನನಗೆ ಅಳಲೂ ಪುರಸೊತ್ತು ಕೊಡಲಿಲ್ಲ. ಭಾವ ನನ್ನನ್ನು ಒಂದು ದಿನವೂ ಗಟ್ಟಿ ದನಿಯಲ್ಲಿ ಮಾತಾಡಿಸಿದವರಲ್ಲ. ಬಾತ್ರೂಮಿನಲ್ಲಿ ನಲ್ಲಿ ತಿರುಗಿಸಿಟ್ಟು ನಾನು ಅತ್ತುಬಿಟ್ಟೆ.

ಅಲ್ಲಿಂದ ಶುರುವಾಯಿತು ನನ್ನ ಸುಳ್ಳಿನ ಸಂಸಾರ. ಭಾವನ ಫೋನ್ ನೀರಿಗೆ ಬಿತ್ತು. ಹೊಸ ಫೋನ್ ತಗೊಂಡಿದ್ದಾರೆ, ನಂಬರ್ ಬಂದಿಲ್ಲ. ನಂಬರ್ ಬಂತು, ಗಂಟಲು ಕಟ್ಟಿದೆ, ಮಾತಾಡಬೇಡ ಎಂದಿದ್ದಾರೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಊರುಗೋಲು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅತ್ತೆ ಎಲ್ಲದಕ್ಕೂ ಹೂಂ ಎನ್ನುತ್ತಿದ್ದರು. ಆದರೆ ತಮ್ಮ ಕುರ್ಚಿಯನ್ನು ಟಿ.ವಿ. ಎದುರಿನಿಂದ ಎಳೆದು ಎಳೆದು ಮುಂಬಾಗಿಲ ಎದುರಿಗೆ ತಂದಿಟ್ಟುಕೊಂಡರು.

“ಅಲ್ಲಿ ಯಾಕೆ ಅತ್ತೆ?”

“ಯಾರೋ ನಿಂತಿದ್ದಾನೆ ಹೊರಗೆ. ಆಗಿಂದ.”

ತೆರೆದು ನೋಡಿದೆ. ಯಾರೂ ಇಲ್ಲ. ನಮ್ಮ ಕಾರಿಡಾರಿನಲ್ಲಿ ಮನುಷ್ಯರು ಓಡಾಡಿದರೆ ಮಾತ್ರ ಹತ್ತಿಕೊಳ್ಳುವ ಲೈಟು. ಜನ ಇಲ್ಲದಿದ್ದರೆ ತಾನಾಗಿ ಆರುತ್ತದೆ. ಬಾಗಿಲು ಹಾಕಿ ಬಂದು ಕೂತೆ. ಸ್ವಲ್ಪ ಹೊತ್ತಿಗೆ ಬಾಗಿಲ ಕೆಳಗಿನ ಸಂದಿನಲ್ಲಿ ಬೆಳಕಿನ ಗೆರೆ ಮೂಡಿತು. ಲಿಫ್ಟಿನ ಸದ್ದಿಲ್ಲ, ಚಪ್ಪಲಿಯ ಸದ್ದಿಲ್ಲ. ಗೆರೆ ಹಾಗೇ ಇತ್ತು. ಯಾರೋ ಅಲುಗದೆ ನಿಂತರೆ ಲೈಟು ಆರಬೇಕಲ್ಲ, ಅದು ಆರಲಿಲ್ಲ.

“ಲೈಟ್ ಹಾಳಾಗಿದೆ. ಹಾರಿಸನಿಗೆ ಹೇಳಬೇಕು” ಎಂದೆ. ಹಾರಿಸ್ ಎಂದರೆ ಕಟ್ಟಡದ ಕಾವಲುಗಾರ. ಅವನು ಬಂದು ಏಣಿ ಹಾಕಿ ನೋಡಿ, “ಮಾಫಿ ಮುಶ್ಕಿಲ್, ಏನೂ ತೊಂದರೆಯಿಲ್ಲ” ಎಂದು ಹೋದ. ಸಾಯ್ಲಿ ಎನ್ನಲು ಬಾಯಿ ತೆರೆದವಳು ಚಿಯ ಬೆರಳು ನೆನಪಾಗಿ ಮುಚ್ಚಿಕೊಂಡೆ.

ಮರುದಿನ ಕೆಲಸ ಮುಗಿಸಿ ಬಂದರೆ ಹೊಸಿಲ ಹೊರಗೆ ಒಂದು ಲೋಟ ನೀರು, ಪಕ್ಕದಲ್ಲಿ ಒಂದು ತುಂಡು ಬೆಲ್ಲ. ನಾನು ಇಲ್ಲದಾಗ ಅತ್ತೆಯನ್ನು ನೋಡಿಕೊಳ್ಳುತ್ತಿದ್ದವರು ಪಕ್ಕದ ಫ್ಲ್ಯಾಟಿನ ಬ್ಯಾರಿ ಅಕ್ಕ, ನಮ್ಮ ಕರಾವಳಿಯವರೇ ಆದ ಮುಸ್ಲಿಂ ಹೆಂಗಸು. ಅವರು ಬಾಗಿಲು ತೆರೆದು ಮೆಲ್ಲಗೆ, “ಬೆಳಿಗ್ಗೆಯಿಂದ ನಿಮ್ಮ ಅತ್ತೆ ಲೋಟ ತುಂಬಿಸಿ ತುಂಬಿಸಿ ಇಡ್ತಿದ್ದಾರೆ ಮಾರಾಯ್ತಿ. ಬೆಕ್ಕಿಗಾ ಅಂತ ಕೇಳಿದೆ. ಬೆಕ್ಕು ಬೆಲ್ಲ ತಿಂತದಾ ಅಂತ ನನಗೇ ಬೈದ್ರು” ಎಂದರು. ಮನೆ ಬಾಗಿಲಿಗೆ ಬಂದವರಿಗೆ ನೀರು ಬೆಲ್ಲ ಕೊಡುವುದು ನಮ್ಮ ಊರಿನ ಕ್ರಮ. ಅಕ್ಕನಿಗೂ ಅದು ಗೊತ್ತು. ಗೊತ್ತಿದ್ದುದಕ್ಕೇ ಅವರ ದನಿ ತಗ್ಗಿತ್ತು.

“ಲೋಟ ಯಾರು ಖಾಲಿ ಮಾಡ್ತಾರೆ?” ಎಂದು ಕೇಳಿದೆ.

“ಈ ಒಣ ಹವೆಗೆ ನೀರು ಆರ್ತದಲ್ಲ” ಎಂದರು. ಆದರೆ ನನ್ನ ಮುಖ ನೋಡಲಿಲ್ಲ.

ಅತ್ತೆ ನನಗೂ ಬೈದರು. “ಎಂಥ ಮನೆ ನಿಮ್ಮದು? ಪಾಪ, ಯಾರ ಮಗನೋ. ಸುಸ್ತಾದವನ ಹಾಗೆ ಗೋಡೆಗೆ ಒರಗಿ ನಿಂತಿದ್ದಾನೆ. ತಲೆಗೆ ಬಿಳಿ ಬೈರಾಸು ಕಟ್ಟಿಕೊಂಡಿದ್ದಾನೆ. ಬೆಳಕಿಗೆ ಬೆನ್ನು, ಮುಖ ಕಾಣುದಿಲ್ಲ. ಒಳಗೆ ಕರೀಲಿಕ್ಕೆ ಏನು ದಾಡಿ ನಿಮಗೆ?”

ಬೈರಾಸು ಎಂದರೆ ನಮ್ಮ ಕಡೆ ಹೆಗಲ ಮೇಲಿನ ಟವೆಲ್ಲು. ನನಗೆ ಯಾರೂ ಕಾಣದ ಕಾರಿಡಾರಿನಲ್ಲಿ ನಿಂತವನ ಬೈರಾಸು ಅತ್ತೆಗೆ ಹೇಗೆ ಕಂಡಿತು ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ. ಔಷಧಿಯ ಮಂಪರು ಎಂದುಕೊಂಡೆ. ಇವರಿಗೆ ಫೋನ್ ಮಾಡಿ ಹೇಳಿದರೆ ಇವರೂ ಹಾಗೇ ಎಂದರು. ಮಂಪರಂತೆ. ಎಲ್ಲ ಗಂಡಸರೂ ದೂರದಲ್ಲಿ ಕೂತು ಇದನ್ನೇ ಹೇಳುವುದು.

ಚಿಗೆ ಭಾವನ ವಿಷಯ ನಾನು ಹೇಳಿರಲಿಲ್ಲ. ಆಣೆ ಎಂದರೆ ಆಣೆ, ಪಾರ್ಲರಿನಲ್ಲೂ ಆಣೆ. ಗಂಡ ಕಂಪನಿ ಕೆಲಸದ ಮೇಲೆ ಹೋಗಿದ್ದಾರೆ ಎಂದಷ್ಟೇ ಹೇಳಿದ್ದೆ. ಆದರೆ ಹೊಟ್ಟೆಯೊಳಗೆ ಇಟ್ಟುಕೊಳ್ಳಲಾಗದೆ ಅತ್ತೆಯ ಹುಚ್ಚಾಟವನ್ನು ಮಾತ್ರ ನಗುತ್ತ ಹೇಳಿದೆ. ಯಾರೋ ಬಾಗಿಲಲ್ಲಿ ನಿಂತಿದ್ದಾನಂತೆ ಚಿ, ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು.

ಉಗುರು ಉಜ್ಜುತ್ತಿದ್ದ ಕೈ ನಿಂತಿತು. “ಬಟ್ಟೆ ತಲೆಗಾ? ಸುತ್ತ ಕಟ್ಟಿದ್ದಾ?”

“ಹೌದು. ನಮ್ಮೂರಲ್ಲಿ ಕೆಲಸದವರೆಲ್ಲ ಕಟ್ತಾರೆ.”

ಚಿ ನನ್ನ ಬೆರಳುಗಳನ್ನು ಬಿಟ್ಟಳು. “ಎಮ್, ಆ ಅಮ್ಮನ ಮಗ ಯಾರಾದರೂ ಹೋದನಾ?”

ನಾನು ಕೌಂಟರಿನ ಕಡೆ ಮುಖ ತಿರುಗಿಸಿದೆ. ಅವಳಿಗೆ ಉತ್ತರ ಸಿಕ್ಕಿತು.

ಅವರಲ್ಲಿ ಅಪ್ಪ ಅಮ್ಮ ಹೋದರೆ ಮಕ್ಕಳು ತಲೆಗೆ ಬಿಳಿ ಪಟ್ಟಿ ಕಟ್ಟಿ ದುಃಖ ಆಚರಿಸುತ್ತಾರಂತೆ. ಅದು ಮಗನ ಋಣ. ಆದರೆ ಅಪ್ಪ ಅಮ್ಮ ಬದುಕಿರುವಾಗಲೇ ಮಗ ಹೋದರೆ ಆ ಪಟ್ಟಿ ಕಟ್ಟುವವರು ಯಾರು? ಅದಕ್ಕೆ ಪೆಟ್ಟಿಗೆ ಮುಚ್ಚುವ ಮೊದಲು ಹೋದವನ ಹಣೆಗೇ ಬಿಳಿ ಪಟ್ಟಿ ಕಟ್ಟಿ ಕಳಿಸುತ್ತಾರಂತೆ. ಅಮ್ಮ ಮುಂದೆ ಯಾವತ್ತೋ ಹೋಗುವುದಕ್ಕೆ ಮಗ ಈಗಲೇ ಅತ್ತು ಮುಗಿಸಿ ಹೋಗಬೇಕು.

“ನಮ್ಮಲ್ಲಿ ಇದೆಲ್ಲ ಇಲ್ಲ!” ಎಂದು ರೇಗಿದೆ. “ನನ್ನ ಭಾವ ಕ್ಯಾಂಟೀನಿನವರು. ಒಲೆಯ ಎದುರು ಬೆವರು ಇಳೀಬಾರದು ಅಂತ ಕಟ್ಟಿಕೊಳ್ತಿದ್ರು, ಅಷ್ಟೇ. ಸುಮ್ಮನೆ ಹೆದರಿಸಬೇಡ.”

“ನಾನು ಹೆದರಿಸುದಿಲ್ಲ. ಅಮ್ಮನಿಗೆ ಯಾಕೆ ಹೇಳಲಿಲ್ಲ?”

ಹೃದಯದ ವಿಷಯ ಹೇಳಿದೆ, ಡಾಕ್ಟರ ಮಾತು ಹೇಳಿದೆ, ಗಂಡನ ಆಣೆ ಹೇಳಿದೆ. ಚಿ ತಲೆಯಾಡಿಸುತ್ತ ಕೇಳಿದಳು. ಆಮೇಲೆ ಹೇಳಿದಳು: “ನನ್ನ ಅಪ್ಪ ಬೆಟ್ಟದ ಮರೆಗೆ ಹೋದ ದಿನ ಅಣ್ಣ ತೋಟಕ್ಕೆ ಹೋಗಿ ಒಂದೊಂದು ಮರಕ್ಕೂ ಬಿಳಿ ಬಟ್ಟೆ ಚೂರು ಕಟ್ಟಿದ. ಹಲಸಿನ ಮರಕ್ಕೆ, ಅಡಿಕೆಗೆ, ವೀಳ್ಯದ ಬಳ್ಳಿಗೆ. ಅಪ್ಪ ಇಲ್ಲ ಅಂತ ಪ್ರತಿಯೊಂದಕ್ಕೂ ಹೇಳಬೇಕು. ಹೇಳದಿದ್ದರೆ ಕಾದು ಕಾದು ಒಣಗ್ತವೆ. ನಾವು ಮರಕ್ಕೂ ಹೇಳ್ತೇವೆ ಎಮ್. ನೀವು ತಾಯಿಗೆ ಹೇಳುದಿಲ್ವಾ?”

ನನಗೆ ಕೆಂಡದಂಥ ಸಿಟ್ಟು ಬಂತು. ನಿನ್ನ ಮರಕ್ಕೆ ಸ್ಟೆಂಟ್ ಹಾಕಿದ್ದಾರಾ ಎಂದು ಕೇಳಿದೆ. ಆ ದಿನ ಮತ್ತೆ ಅವಳ ಜತೆ ಮಾತಾಡಲಿಲ್ಲ. ಬಸ್ಸಿನಲ್ಲಿ ಕೂತಾಗ ಗೊತ್ತಾಯಿತು, ಸಿಟ್ಟು ಅವಳ ಮೇಲಲ್ಲ. ಅತ್ತೆ ದಿನದಿಂದ ದಿನಕ್ಕೆ ಒಣಗುತ್ತಿದ್ದರು. ಅನ್ನ ಮುಂದಿಟ್ಟರೆ, ಹೊರಗೆ ನಿಂತವನಿಗೆ ಮೊದಲು ಹಾಕು ಎನ್ನುತ್ತಿದ್ದರು. ಅವನು ತಿನ್ನದೆ ತಾವು ತಿನ್ನುವುದು ಹೇಗೆ ಎನ್ನುತ್ತಿದ್ದರು. ಹೇಳಿದರೆ ಎದೆ ಒಡೆದೀತು ಎಂದು ಹೆದರಿ ನಾವು ಹೇಳದೆಯೇ ಅವರನ್ನು ಮುಗಿಸುತ್ತಿದ್ದೆವು.

ಮಾರನೆಯ ದಿನ ನಾನೇ ಹೋಗಿ ಅವಳ ಎದುರು ಕೈ ಚಾಚಿ ಕೂತೆ. ಅವಳು ಏನೂ ಆಗದವಳಂತೆ ಉಗುರು ಉಜ್ಜತೊಡಗಿದಳು. “ಮಗ ಮೊದಲು ಹೋದರೆ ನಿಮ್ಮಲ್ಲಿ ಏನು ಹೇಳ್ತೀರಿ? ಬೆಟ್ಟ, ಕೊಕ್ಕರೆ, ಯಾವುದು?” ಎಂದು ಕೇಳಿದೆ.

“ಅದ್ಯಾವುದೂ ಅಲ್ಲ. ಅವು ಹಣ್ಣಾದವರಿಗೆ. ಇದಕ್ಕೆ, ಹಳೇ ಬಿದಿರು ಎಳೆ ಮೊಳಕೆಗಾಗಿ ಅಳ್ತದೆ ಅಂತೇವೆ.”

ಎಳೆ ಮೊಳಕೆ ಎಂದರೆ ನಮ್ಮ ಕಣಿಲೆ! ಆಟಿ ತಿಂಗಳ ಮಳೆಯಲ್ಲಿ ಬಿದಿರ ಮೆಳೆಯ ಬುಡದಿಂದ ಮುರಿದು ತಂದು, ನೀರಲ್ಲಿ ಹಾಕಿಟ್ಟು, ಹೆಸರುಕಾಳು ಹಾಕಿ ಪಲ್ಯ ಮಾಡುವ ಕಣಿಲೆ. ಅತ್ತೆಯ ಕೈಯ ಕಣಿಲೆ ಪಲ್ಯ ಎಂದರೆ ಭಾವ ಪ್ರಾಣ ಬಿಡುತ್ತಿದ್ದರು. ನೋಡಿ, ಮತ್ತೆ ನನ್ನ ಬಾಯಿ. ಇಷ್ಟು ವರ್ಷ ಕಣಿಲೆ ತಿಂದಿದ್ದೇನೆ, ಮುರಿದ ಮೇಲೆ ಬಿದಿರಿಗೆ ಏನನಿಸುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಬೊಜ್ಜದ ದಿನ ಬಂತು. ಬೊಜ್ಜ ಎಂದರೆ ನಮ್ಮ ತುಳುವರ ಉತ್ತರಕ್ರಿಯೆ. ಅಲ್ಲಿಯ ತನಕ ಹೋದ ಜೀವ ಮನೆಯ ಹೊರಗೇ ಇರುತ್ತದೆ ಎಂದು ನಂಬಿಕೆ. ಆ ದಿನ ಮುಸ್ಸಂಜೆಗೆ ಒಳಗೆ ಎಲೆ ಹಾಕಿ, ಅವರಿಗೆ ಪ್ರೀತಿಯದೆಲ್ಲ ಬಡಿಸಿ, ಮನೆಯವರು ಬಾಗಿಲಲ್ಲಿ ನಿಂತು ‘ಒಳಗೆ ಬಾ’ ಎಂದು ಕರೆಯುತ್ತಾರೆ. ಕರೆದರೆ ಹಿರಿಯರ ಜತೆ ಸೇರಿಕೊಳ್ಳುತ್ತಾರೆ. ಕರೆಯದಿದ್ದರೆ ಹೊಸಿಲಲ್ಲೇ ಉಳಿಯುತ್ತಾರೆ. ಇವರು ಭಾವನ ಅಸ್ಥಿ ಹಿಡಿದು ಮುಂಬಯಿಯಿಂದ ಊರಿಗೆ ಹೋಗಿದ್ದರು. ಬೆಳಿಗ್ಗೆ ಫೋನ್ ಮಾಡಿ, ಸಂಜೆ ಒಳಗೆ ಕರೆಯುವ ಶಾಸ್ತ್ರ ಮುಗಿಸಿ ಮಾತಾಡುತ್ತೇನೆ, ಯಾರಾದರೂ ವಾಟ್ಸ್ಯಾಪಿನಲ್ಲಿ ಫೋಟೋ ಹಾಕಿಯಾರು, ಅಮ್ಮನ ಕೈಗೆ ಫೋನ್ ಕೊಡಬೇಡ ಎಂದರು.

“ಅಮ್ಮ ಕರೆಯದೆ ಅವರು ಬರ್ತಾರಾ?” ಎಂದೆ.

ಇವರು ಅಳುತ್ತಿದ್ದರು. “ಏನು ಮಾಡಲಿ ಹೇಳು. ಅಮ್ಮನೂ ಹೋದ್ರೆ?” ಎಂದರು.

ಆ ದಿನ ಕುವೈತಿನಲ್ಲಿ ಧೂಳು ಎದ್ದಿತ್ತು. ಬೆಳಗ್ಗೆ ಹಳದಿ ಇದ್ದ ಬಾನು ಮಧ್ಯಾಹ್ನಕ್ಕೆ ಕೇಸರಿಯಾಯಿತು. ಬಂದ ಗಿರಾಕಿಗಳೂ ಹಿಂದಿರುಗಿದರು. ಪಾರ್ಲರಿನ ಒಡತಿ ಫೋನ್ ಮಾಡಿ, “ಖಲಾಸ್, ಮುಚ್ಚಿ ಮನೆಗೆ ಹೋಗಿ” ಎಂದಳು. ನಾನು ಕೇಳದೆಯೇ ಚಿ ನನ್ನ ಜತೆ ಟ್ಯಾಕ್ಸಿ ಹತ್ತಿದಳು. ದಾರಿಯಲ್ಲಿ ಕಟ್ಟಡಗಳಿಲ್ಲ, ಸಮುದ್ರವಿಲ್ಲ, ಎದುರಿನ ಕಾರಿನ ಎರಡು ಕೆಂಪು ದೀಪ ಮಾತ್ರ. ಬೆಟ್ಟದ ಮರೆ ಎಂದರೆ ಹೀಗಿರಬಹುದು ಎನಿಸಿತು. ಚಿ ಮಡಿಲಲ್ಲಿ ಒಂದು ಚೀಲ ಕಿತ್ತಳೆ ಇಟ್ಟುಕೊಂಡು ಕೂತಿದ್ದಳು.

ನಮ್ಮ ಮಹಡಿಗೆ ಬಂದು ಲಿಫ್ಟಿನ ಬಾಗಿಲು ತೆರೆದಾಗ ಕಾರಿಡಾರಿನ ಲೈಟು ಆಗಲೇ ಹತ್ತಿತ್ತು. ನಾವಿನ್ನೂ ಕಾಲಿಟ್ಟಿರಲಿಲ್ಲ. ನಮ್ಮ ಬಾಗಿಲ ಮುಂದೆ ಲೋಟ, ಬೆಲ್ಲ. ಎಲ್ಲೆಡೆ ತೆಳ್ಳಗೆ ಧೂಳು ಕೂತಿತ್ತು. ಬಾಗಿಲ ಪಕ್ಕದ ಗೋಡೆಯ ಬುಡದಲ್ಲಿ ಮಾತ್ರ ಒಂದಿಷ್ಟು ಜಾಗ ಸ್ವಚ್ಛವಾಗಿತ್ತು. ಚಿ ಅದನ್ನು ತುಳಿಯದೆ ಸುತ್ತು ಹಾಕಿ ಬಂದಳು. ತಲೆ ಬಾಗಿಸಿ ತನ್ನ ಭಾಷೆಯಲ್ಲಿ ಏನೋ ಹೇಳಿದಳು, ಬಸ್ಸಿನಲ್ಲಿ ಯಾರಿಗಾದರೂ ದಾರಿ ಬಿಡಿ ಎನ್ನುವಷ್ಟು ಸಹಜವಾಗಿ. ನಾನು ಕೀಲಿ ತಿರುಗಿಸಿ ಬಾಗಿಲು ತೆರೆದೆ.

ಬ್ಯಾರಿ ಅಕ್ಕ ನಮ್ಮನ್ನು ಕಂಡು, ಅತ್ತೆ ಏನೂ ತಿಂದಿಲ್ಲ ಎಂದು ಹೇಳಿ ತಮ್ಮ ಮನೆಗೆ ಹೋದರು. ಅತ್ತೆ ಕುರ್ಚಿಯಲ್ಲೇ ಇದ್ದರು. ಕಿಟಕಿಯಿಂದ ಬರುವ ಕೇಸರಿ ಬೆಳಕಿನಲ್ಲಿ ಅವರ ಮುಖ ಗುರುತು ಸಿಗದ ಹಾಗಿತ್ತು. ಚಿ ಅವರ ಕಾಲ ಬಳಿ ನೆಲದ ಮೇಲೆ ಕೂತು ಕೈ ಹಿಡಿದುಕೊಂಡಳು. ಅಭ್ಯಾಸ ಬಲ, ಬೆರಳುಗಳನ್ನು ಒಂದೊಂದಾಗಿ ನೀವತೊಡಗಿದಳು. ಅತ್ತೆ ಕೈ ಎಳೆದುಕೊಳ್ಳಲಿಲ್ಲ. ಊರಿನಲ್ಲಿ ಈಗ ಮುಸ್ಸಂಜೆ, ಎಲೆ ಹಾಕಿರುತ್ತಾರೆ. ಎದೆನೋವಿಗೆಂದು ಡಾಕ್ಟರು ಕೊಟ್ಟಿದ್ದ, ನಾಲಿಗೆಯ ಅಡಿ ಇಡುವ ಮಾತ್ರೆಯನ್ನು ನಾನು ತೆಗೆದು ಮುಷ್ಟಿಯಲ್ಲಿ ಹಿಡಿದು ನಿಂತೆ. ಹೇಳಬೇಕು. ಹೇಳಲಾರೆ. ತುಳುವಿನಲ್ಲಿ ಯಾವ ಮಾತು ಎತ್ತಿಕೊಂಡರೂ ಕೈ ಸುಡುತ್ತಿತ್ತು.

ಆಗ ಚಿ ಅತ್ತೆಯ ಮುಖ ನೋಡಿ ಮೆಲ್ಲಗೆ ತನ್ನ ಭಾಷೆಯಲ್ಲೇ ಹೇಳಿದಳು. ನಾಲ್ಕೈದು ಪದ, ಹಾಡಿನ ಹಾಗೆ ಏರಿ ಇಳಿದವು.

“ಇವಳು ಎಂಥ ಹೇಳುದು?” ಎಂದು ಅತ್ತೆ ನನ್ನನ್ನು ಕೇಳಿದರು.

ಅದು ನನ್ನ ಮಾತಲ್ಲ, ಅವಳ ಮಾತು. ನಾನು ಬರೀ ದಾಟಿಸಬೇಕಾದವಳು. ಬಿಸಿ ಪಾತ್ರೆ ಇಳಿಸಲು ಮಸಿಬಟ್ಟೆ ಸಿಕ್ಕಿದ ಹಾಗಾಯಿತು. “ಹಳೇ ಬಿದಿರು ನಿಂತಿದೆ ಅತ್ತೆ” ಎಂದೆ. “ಕಣಿಲೆ ಹೋಯ್ತು. ಬಿದಿರು ಅಳ್ತದೆ ಅಂತ ಹೇಳ್ತಾಳೆ.”

ಅತ್ತೆ ಚಿಯನ್ನು ನೋಡಿದರು, ನನ್ನನ್ನು ನೋಡಿದರು.

“ದೊಡ್ಡವನಾ?”

“ಹೌದು ಅತ್ತೆ.”

ನಾನು ಮಾತ್ರೆ ಹಿಡಿದು ಬಗ್ಗಿದೆ. ಅವರು ನನ್ನ ಕೈಯನ್ನು ತಳ್ಳಿದರು. ಕಣ್ಣು ಬಾಗಿಲ ಮೇಲಿತ್ತು. ಕೆಳಗಿನ ಸಂದಿನಲ್ಲಿ ಬೆಳಕಿನ ಗೆರೆ.

“ಅಯ್ಯೋ ನನ್ನ ಕರ್ಮವೇ” ಎಂದರು. “ಇಷ್ಟು ದಿನವೂ ಯಾರ ಮಗನೋ ಅಂದುಕೊಂಡೆನಲ್ಲ. ನನ್ನವನನ್ನೇ ಹೊರಗೆ ನಿಲ್ಲಿಸಿ ಲೋಟದಲ್ಲಿ ನೀರು ಕೊಟ್ಟೆನಲ್ಲ.”

ನಾನು ಕುಸಿದು ಕೂತು ಅವರ ಮಡಿಲಲ್ಲಿ ಮುಖ ಹುದುಗಿಸಿದೆ. ಕಟ್ಟಿಟ್ಟಿದ್ದದ್ದೆಲ್ಲ ಒಟ್ಟಿಗೇ ಬಂತು. ತಪ್ಪಾಯಿತು ಅತ್ತೆ, ಹೆದರಿಕೆಯಾಗಿತ್ತು ಎಂದೇನೋ ಹೇಳಿದೆ. ಅವರು ಒಂದು ಕೈಯಲ್ಲಿ ನನ್ನ ತಲೆ ಸವರಿದರು. ಆಮೇಲೆ ಅದೇ ಕೈಯನ್ನು ಚಿಯ ಹೆಗಲ ಮೇಲೆ ಊರಿ ಎದ್ದರು. ಊಟ ಬಿಟ್ಟ ಮೇಲೆ ಈಚೆಗೆ ಯಾರಾದರೂ ಹಿಡಿದೆತ್ತದೆ ಎದ್ದವರಲ್ಲ. ಒಂದೊಂದೇ ಹೆಜ್ಜೆ ಇಟ್ಟು ಬಾಗಿಲ ತನಕ ಹೋದರು. ನಾನು ಹಿಂದೆಯೇ ಓಡಿದೆ. ಚಿಲಕ ತೆಗೆದು, ಬಾಗಿಲನ್ನು ಗೋಡೆಗೆ ತಾಗುವಷ್ಟು ಅಗಲ ತೆರೆದರು.

ಕಾರಿಡಾರಿನಲ್ಲಿ ಬೆಳಕಿತ್ತು, ಧೂಳಿತ್ತು. ನನಗೆ ಬೇರೇನೂ ಕಾಣಲಿಲ್ಲ.

“ಉಳಯಿ ಬಲ ಮಗಾ” ಎಂದರು ಅತ್ತೆ. ಒಳಗೆ ಬಾ ಮಗಾ. ಭಾವ ಸಣ್ಣವರಿದ್ದಾಗ ಆಟದಿಂದ ಕರೆಯುತ್ತಿದ್ದ ದನಿಯೇ ಇರಬೇಕು, ಅದರಲ್ಲಿ ಅಳು ಇರಲಿಲ್ಲ, ಸ್ವಲ್ಪ ಗದರಿಕೆ ಇತ್ತು. “ಎಷ್ಟು ಹೊತ್ತು ನಿಂತೆ. ಕಾಲು ನೋವಾಗಲಿಲ್ವಾ? ಬಾ, ಊಟ ಮಾಡು.”

ನನ್ನ ಎಡ ಮೊಣಕೈಯನ್ನು ಸವರಿಕೊಂಡು ತಣ್ಣನೆಯ ಗಾಳಿ ಹೊರಗೆ ಹೋಯಿತೋ ಒಳಗೆ ಬಂತೋ ಹೇಳಲಾರೆ. ಅತ್ತೆ ದಾರಿ ಬಿಡುವವರ ಹಾಗೆ ಒಂದು ಬದಿಗೆ ಸರಿದರು, ನನ್ನನ್ನೂ ಸೆರಗು ಹಿಡಿದು ಸರಿಸಿದರು. ಕಾರಿಡಾರಿನ ಲೈಟು ಟಕ್ಕೆಂದು ಆರಿತು. ಆಗ ಅವರು ಅತ್ತರು. ಬಾಗಿಲ ಚೌಕಟ್ಟು ಹಿಡಿದುಕೊಂಡು, ನಾನು ಈವರೆಗೆ ಯಾವ ಮನುಷ್ಯರ ಬಾಯಲ್ಲೂ ಕೇಳದಂಥ ದನಿಯಲ್ಲಿ ಅತ್ತರು. ಬ್ಯಾರಿ ಅಕ್ಕ ಓಡಿ ಬಂದರು, ಚಿ ಬಂದಳು, ಮೂವರೂ ಸೇರಿ ಅವರನ್ನು ಹಿಡಿದುಕೊಂಡೆವು. ಎದೆ ಒಡೆಯಲಿಲ್ಲ.

ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, ಒಳಗೆ ಎಲೆ ಹಾಕಲು ಹೇಳಿದರು. ಆಮೇಲೆ ತೆರೆದೇ ಇದ್ದ ಬಾಗಿಲಿನ ಕಡೆ ತಿರುಗಿ, “ಅದನ್ನು ಹಾಕು. ಬಂದ” ಎಂದರು.

ನಾನು ಬಾಗಿಲು ಹಾಕಿದೆ. ಯಾರ ಕಾಲಿಗೂ ತಾಗಬಾರದು ಎಂದು ಮೆಲ್ಲಗೆ ಹಾಕಿದೆ.